ಸರ್ಕಾರಿ ಶಾಲೆಗಳಿಗೆ ವಾಕ್ ಚಿಕಿತ್ಸಕರು: ಬ್ಲಾಕಿಗೊಂದು ಹುದ್ದೆ ಬೇಕೇ?

ಕರ್ನಾಟಕದ 204 ಶೈಕ್ಷಣಿಕ ಬ್ಲಾಕುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ವಾಕ್ ಮತ್ತು ಭಾಷಾ ಚಿಕಿತ್ಸಕರ ಕಾಯಂ ಹುದ್ದೆಯನ್ನು ಶಿಕ್ಷಣ ಇಲಾಖೆ ಸೃಷ್ಟಿಸಬೇಕೇ? ಈ ವೃತ್ತಿಗೆ ಓದುತ್ತಿರುವ ವಿದ್ಯಾರ್ಥಿಗಳ ತರಬೇತಿಯನ್ನೂ ಸರ್ಕಾರಿ ಶಾಲೆಗಳೊಂದಿಗೆ ಬೆಸೆಯಬೇಕೇ?

ಪರ: ಮಗು ಇರುವಲ್ಲಿಗೆ ಚಿಕಿತ್ಸೆ ಬರಲಿ

ಉಗ್ಗುವ ಮಗುವಿಗೆ ಶಾಲೆಯ ದಿನದಲ್ಲಿ ಎಲ್ಲಕ್ಕಿಂತ ಕಷ್ಟದ ಗಳಿಗೆ ಹಾಜರಿ ಕರೆಯುವ ಹೊತ್ತು. ತನ್ನ ಹೆಸರಿಗೆ ಇನ್ನೂ ನಾಲ್ಕು ಹೆಸರು ಬಾಕಿ ಇರುವಾಗಲೇ ಅದು ಉಸಿರು ಬಿಗಿ ಹಿಡಿಯುತ್ತದೆ. ಸರದಿ ಬಂದಾಗ ತುಟಿ ಕದಲುತ್ತದೆ, ಸ್ವರ ಹೊರಡುವುದಿಲ್ಲ. ತರಗತಿ ಹಿಂತಿರುಗಿ ನೋಡುತ್ತದೆ. ಕೆಲವು ವಾರಗಳಲ್ಲಿ ಪಕ್ಕದ ಹುಡುಗನೇ ‘ಬಂದಿದ್ದಾನೆ ಸರ್’ ಎಂದು ಹೇಳತೊಡಗುತ್ತಾನೆ. ಮೇಷ್ಟರು ಒಳ್ಳೆಯವರಾಗಿದ್ದರೆ ಮಗುವಿಗೆ ನೋವಾಗದಿರಲಿ ಎಂದು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಐದನೆಯ ತರಗತಿಗೆ ಬರುವಷ್ಟರಲ್ಲಿ, ಉತ್ತರವೆಲ್ಲ ಗೊತ್ತಿದ್ದೂ ಆ ಮಗು ಹಿಂದುಳಿದವರ ಪಟ್ಟಿಯಲ್ಲಿರುತ್ತದೆ.

ಇಂಥ ಮಗುವಿಗೆ ಈಗ ಇರುವ ದಾರಿ ಯಾವುದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಇದೆ. ಆದರೆ ಕಾಯ್ದೆಯ ವ್ಯಾಖ್ಯಾನ ಹೇಳುವುದು ಧ್ವನಿಪೆಟ್ಟಿಗೆ ತೆಗೆದವರ, ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರ ಸ್ಥಿತಿಯಂಥ ಶಾಶ್ವತ ವೈಕಲ್ಯದ ಮಾತನ್ನು. ಉಗ್ಗುವ ಹುಡುಗ, ‘ಕಾಗೆ’ಯನ್ನು ‘ತಾಗೆ’ ಎನ್ನುವ ಹುಡುಗಿ ಆ ವ್ಯಾಖ್ಯಾನದೊಳಗೆ ಸುಲಭವಾಗಿ ಬರುವುದಿಲ್ಲ. ಶೇ 40ರಷ್ಟಾದರೂ ವೈಕಲ್ಯವಿದೆ ಎಂಬ ಪ್ರಮಾಣಪತ್ರವಿಲ್ಲದೆ ಸೌಲಭ್ಯಗಳ ಬಾಗಿಲು ತೆರೆಯುವುದು ಅಪರೂಪ. ಶಾಲಾ ಶಿಕ್ಷಣಕ್ಕೆ ಕೇಂದ್ರ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಗುವಿಗೆಂದು ವರ್ಷಕ್ಕೆ ಲೆಕ್ಕ ಹಾಕುವ 3,500 ರೂಪಾಯಿಯೂ ಇವರ ಹೆಸರಿಗೆ ಬರುವುದು ಕಷ್ಟ. ಶಾಲೆಯ ಬಾಗಿಲಿಗೇ ಬರುವ ಚಿಕಿತ್ಸಕರಿಗೆ ಪ್ರಮಾಣಪತ್ರ ಬೇಕಿಲ್ಲ. ಹುದ್ದೆ ಬೇಕೆನ್ನಲು ನನಗೆ ಇದೇ ದೊಡ್ಡ ಕಾರಣ.

ತರಬೇತಿ ಪಡೆದ ಶಿಕ್ಷಕರೇ ಈ ಕೆಲಸ ಮಾಡಬಹುದಲ್ಲ ಎನ್ನುವವರಿದ್ದಾರೆ. ಕೆಲಸ ಅಷ್ಟು ಸರಳವಲ್ಲ. ಮೂರು ವರ್ಷದ ಮಗು ‘ರಾಜ’ನನ್ನು ‘ಲಾಜ’ ಎಂದರೆ ಚಿಂತೆಯಿಲ್ಲ, ರಕಾರ ಕನ್ನಡದಲ್ಲಿ ತಡವಾಗಿ ಕೂಡಿಬರುವ ಧ್ವನಿ. ಏಳು ವರ್ಷದ ಮಗು ಇನ್ನೂ ‘ಕಾಗೆ’ಯನ್ನು ‘ತಾಗೆ’ ಎನ್ನುತ್ತಿದ್ದರೆ ಅದು ಬೇರೆ ಕಥೆ, ಕಾಗುಣಿತ ಬರೆಯುವಾಗಲೂ ಅದೇ ತಪ್ಪು ಸ್ಲೇಟಿಗೆ ಇಳಿಯುತ್ತದೆ. ಹಳೆ ಮೈಸೂರು ಕಡೆಯ ಹಳ್ಳಿಯ ಮಗು ‘ಹಾಲು’ ಎನ್ನುವಲ್ಲಿ ‘ಆಲು’ ಎಂದರೆ ಅದು ಮನೆಯ ಮಾತು, ಅಲ್ಲಿ ಸರಿಪಡಿಸಬೇಕಾದ ದೋಷವಿಲ್ಲ. ಲಂಬಾಣಿ ತಾಂಡಾದಿಂದ ಬಂದ ಮಗು ಒಂದನೆಯ ತರಗತಿಯಲ್ಲಿ ಸುಮ್ಮನಿದ್ದರೆ ಅದು ಹೊಸ ಭಾಷೆಯನ್ನು ಕಿವಿಗೆ ತುಂಬಿಕೊಳ್ಳುತ್ತಿರಬಹುದು. ಅಥವಾ ಕಿವಿ ಸೋರಿ ಸೋರಿ ಅರ್ಧ ಕೇಳಿಸದೆಯೂ ಇರಬಹುದು. ಈ ನಾಲ್ಕನ್ನೂ ಹೊರಗಿನಿಂದ ನೋಡಿದರೆ ‘ಮಾತು ಸರಿಯಿಲ್ಲ’ ಎಂದೇ ಅನಿಸುತ್ತದೆ. ಬೇರ್ಪಡಿಸಿ ಹೇಳುವ ಕಿವಿ ನಾಲ್ಕು ವರ್ಷದ ಓದಿನಿಂದ ಬರುತ್ತದೆ, ಎರಡು ದಿನದ ಕಾರ್ಯಾಗಾರದಿಂದ ಬರುವುದಿಲ್ಲ.

ಈಗ ದೂರದ ಲೆಕ್ಕ. ದೇವದುರ್ಗದ ಕೂಲಿ ಹೆಣ್ಣುಮಗಳು ಮಗುವನ್ನು ರಾಯಚೂರಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರೆ ಆ ದಿನದ ಕೂಲಿ ಹೋಯಿತು. ಮಾತಿನ ಚಿಕಿತ್ಸೆ ಮಾತ್ರೆಯಂತೆ ಒಮ್ಮೆ ಬರೆದುಕೊಟ್ಟು ಕಳುಹಿಸುವಂಥದ್ದಲ್ಲ. ವಾರಕ್ಕೊಮ್ಮೆಯಾದರೂ, ತಿಂಗಳುಗಟ್ಟಲೆ ನಡೆಯಬೇಕು. ಎರಡು ಸಲ ಹೋಗಿ ಮೂರನೆಯ ಸಲ ನಿಲ್ಲಿಸುವ ತಾಯಿಯನ್ನು ‘ಕಾಳಜಿ ಇಲ್ಲ’ ಎಂದು ದೂರುವುದು ಅನ್ಯಾಯ. ನಗರದ ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಅವಧಿಗೆ ಕೇಳುವ ಶುಲ್ಕ ಅವಳ ಲೆಕ್ಕಕ್ಕೆ ಸಿಗುವಂಥದ್ದೇ ಅಲ್ಲ.

ತರಬೇತಿಯ ವಿಚಾರದಲ್ಲಿ ನಮಗಿರುವ ಅನುಕೂಲ ಹೆಚ್ಚಿನ ರಾಜ್ಯಗಳಿಗೆ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಹಣದಲ್ಲಿ ನಡೆಯುವ ಸಂಸ್ಥೆ ಅದು. ಶ್ರವಣ ಮತ್ತು ವಾಕ್-ಭಾಷಾ ಚಿಕಿತ್ಸೆ ಕಲಿಸುವ, ಪಿಯುಸಿ ವಿಜ್ಞಾನದ ನಂತರದ ನಾಲ್ಕು ವರ್ಷದ ಬಿಎಎಸ್‌ಎಲ್‌ಪಿ ಪದವಿಯಲ್ಲಿ ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಪಿಯುಸಿ ಮುಗಿಸಿದವರಿಗೆ ಒಂದು ವರ್ಷದ ಶ್ರವಣ, ಭಾಷೆ ಮತ್ತು ವಾಕ್ ಡಿಪ್ಲೊಮಾ ಕೂಡ ಇದೆ. ಇಲ್ಲಿ ಓದಿದ ಹಲವರು ಇಂದು ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅಲ್ಲಿ 1975ರ ಕಾನೂನಿನಿಂದ ಅಂಗವಿಕಲ ಮಕ್ಕಳ ಶಿಕ್ಷಣ ಹಕ್ಕಾಯಿತು, ಸ್ಪೀಚ್ ಥೆರಪಿಸ್ಟ್ ಶಾಲೆಯ ಸಿಬ್ಬಂದಿಯಲ್ಲೇ ಒಬ್ಬರು. ಹೋದವರನ್ನು ನಾನು ದೂರುವುದಿಲ್ಲ. ಊರಿನಲ್ಲಿ ಹುದ್ದೆಯೇ ಇಲ್ಲದಿದ್ದರೆ ಅವರು ಎಲ್ಲಿಗೆ ಬರಬೇಕು?

ಇಂಟರ್ನ್‌ಶಿಪ್‌ನ ಮೂರು ತಿಂಗಳನ್ನಾದರೂ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ, ಬ್ಲಾಕಿನ ಚಿಕಿತ್ಸಕರ ಕೈಕೆಳಗೆ ಕಳೆಯುವಂತೆ ಮಾಡಿ. ಆಗ ಒಬ್ಬರ ಹುದ್ದೆ ಮೂವರ ಕೆಲಸ ಮಾಡುತ್ತದೆ. ಸಿಂಧನೂರಿನ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯ ಕಣ್ಣಿಗೆ ಇಂಥ ಒಂದು ವೃತ್ತಿ ಇದೆ ಎಂಬುದಾದರೂ ಬೀಳುತ್ತದೆ. ಅವಳು ಈ ಓದು ಮುಗಿಸಿ ತನ್ನ ತಾಲ್ಲೂಕಿಗೇ ಮರಳಿದರೆ, ಅಲ್ಲಿನ ಮಕ್ಕಳ ಮಾತಿನಲ್ಲಿ ಯಾವುದು ಆ ಸೀಮೆಯ ಸೊಗಡು, ಯಾವುದು ತೊಂದರೆ ಎಂಬುದನ್ನು ಅವಳಷ್ಟು ಚೆನ್ನಾಗಿ ಇನ್ನಾರೂ ಅರಿಯಲಾರರು. ಗಂಟಲು ಕಟ್ಟಿಕೊಂಡು ದಿನಕ್ಕೆ ಆರು ಅವಧಿ ಪಾಠ ಮಾಡುವ ಶಿಕ್ಷಕಿಯರಿಗೂ ಅವಳಿಂದ ಒಂದಿಷ್ಟು ಉಪಕಾರವಾದೀತು.

ವಿರೋಧ: ಹುದ್ದೆ ಶಾಲೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ

ಹಾಜರಿಯ ಹೊತ್ತಿನ ಆ ಮಗುವಿನ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ನೆರವು ಸಿಗಲೇಬೇಕು. ಬ್ಲಾಕಿಗೊಂದು ಹುದ್ದೆಯಿಂದ ಆ ನೆರವು ಸಿಗುತ್ತದೆ ಎಂಬುದನ್ನು ಮಾತ್ರ ಒಪ್ಪಲಾರೆ.

ಮೊದಲು ಗಣಿತ. ರಾಜ್ಯದಲ್ಲಿ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳು ನಲವತ್ತು ಸಾವಿರಕ್ಕೂ ಹೆಚ್ಚಿವೆ. 204 ಬ್ಲಾಕುಗಳಿಗೆ ಹಂಚಿದರೆ ಒಂದೊಂದಕ್ಕೆ ಇನ್ನೂರರಷ್ಟು ಶಾಲೆ ಬರುತ್ತವೆ. ಶಾಲೆಗೆ ಒಂದೇ ಮಗು ಎಂದಿಟ್ಟುಕೊಳ್ಳಿ, ನಿಜವಾದ ಸಂಖ್ಯೆ ಹೆಚ್ಚೇ ಇರುತ್ತದೆ. ಶಾಲೆಯಿಂದ ಶಾಲೆಗೆ ಓಡಾಡುತ್ತಾ ದಿನಕ್ಕೆ ಐದು ಮಕ್ಕಳನ್ನು ನೋಡಿದರೂ ಅದೇ ಮಗುವಿನ ಸರದಿ ಮತ್ತೆ ಬರಲು 40 ಕೆಲಸದ ದಿನ ಬೇಕು. ವರ್ಷಕ್ಕೆ ಐದಾರು ಭೇಟಿ. ವಾರಕ್ಕೊಮ್ಮೆ ಬೇಕೆಂದು ಪರ ವಾದವೇ ಹೇಳುತ್ತಿರುವ ಚಿಕಿತ್ಸೆ ಇಷ್ಟಕ್ಕೆ ಇಳಿದರೆ ಅದು ಚಿಕಿತ್ಸೆಯಾಗಿ ಉಳಿಯುವುದಿಲ್ಲ, ವರದಿ ತುಂಬುವ ಭೇಟಿಯಾಗುತ್ತದೆ. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಎಲ್ಲರೂ ಬಿಐಇಆರ್‌ಟಿ ಎಂದು ಕರೆಯುವವರು, ಈಗಾಗಲೇ ಇದೇ ಓಟದಲ್ಲಿದ್ದಾರೆ. ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆ, ವೈದ್ಯಕೀಯ ತಪಾಸಣಾ ಶಿಬಿರ, ಸಾಧನ ಸಲಕರಣೆಗಳ ಪಟ್ಟಿ, ನಡುವೆ ಬಿಇಒ ಕಚೇರಿ ಹೇಳುವ ಇತರ ಕೆಲಸ. ಹೊಸ ಹುದ್ದೆಯ ಪಾಡು ಬೇರೆಯಾದೀತು ಎಂಬ ಭರವಸೆ ನನಗಿಲ್ಲ.

ಹುದ್ದೆ ಕಾಗದದ ಮೇಲೆ ಹುಟ್ಟುವುದಕ್ಕೂ ತುಂಬುವುದಕ್ಕೂ ಎಷ್ಟು ದೂರ ಎಂಬುದನ್ನು ವಿಶೇಷ ಶಿಕ್ಷಕರ ವಿಚಾರದಲ್ಲಿ ನೋಡಿದ್ದೇವೆ. ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಮಾನದಂಡವನ್ನು ಗೊತ್ತುಪಡಿಸಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿತು. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂದು ಕೇಂದ್ರ 2022ರಲ್ಲಿ ಗೊತ್ತುಪಡಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು.

ನನ್ನ ಮುಖ್ಯ ತಕರಾರು ವಯಸ್ಸಿನದು. ಉಗ್ಗು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎರಡರಿಂದ ಐದು ವರ್ಷದೊಳಗೆ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಹೋಗುತ್ತದೆ, ಉಳಿದುಕೊಳ್ಳುವ ಲಕ್ಷಣವಿರುವ ಮಕ್ಕಳನ್ನು ಆಗಲೇ ಗುರುತಿಸಿದರೆ ಒಳ್ಳೆಯ ಫಲ ಸಿಗುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಮೊದಲ ಮೂರು ವರ್ಷ ಇನ್ನೂ ಅಮೂಲ್ಯ, ಶ್ರವಣ ಸಾಧನವಾಗಲಿ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಗಲಿ ತಡವಾದಷ್ಟೂ ಮಾತು ಕೈಗೆಟುಕುವುದು ಕಷ್ಟ. ಈ ವರ್ಷಗಳಲ್ಲಿ ಹಳ್ಳಿಯಲ್ಲಿ ಏನು ನಡೆಯುತ್ತಿರುತ್ತದೆ? ಅಜ್ಜಿ ಬಜೆ ಬೇರು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಸವರುತ್ತಾಳೆ. ‘ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು’ ಎಂದು ಸಮಾಧಾನ ಹೇಳುತ್ತಾಳೆ. ಅವಳ ಪ್ರೀತಿಯಲ್ಲಿ ಕೊರತೆಯಿಲ್ಲ, ಬೇರೆ ಮಾತು ಹೇಳುವವರು ಆ ಅಂಗಳಕ್ಕೆ ಬಂದೇ ಇಲ್ಲ. ಮಗು ಆರನೆಯ ವರ್ಷಕ್ಕೆ ಒಂದನೆಯ ತರಗತಿಗೆ ಬಂದಾಗ ಸಿಗುವ ಚಿಕಿತ್ಸಕರು ಎಷ್ಟೇ ನುರಿತವರಾಗಿದ್ದರೂ ಕಳೆದ ನಾಲ್ಕು ವರ್ಷವನ್ನು ತಂದುಕೊಡಲಾರರು.

ಆ ವಯಸ್ಸಿಗೆ ತಲುಪುವ ವ್ಯವಸ್ಥೆಯೊಂದು ನಮ್ಮಲ್ಲಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು. ತಪಾಸಣೆಯ ಪಟ್ಟಿಯಲ್ಲಿ ಕಿವುಡೂ ಇದೆ, ಭಾಷಾ ವಿಳಂಬವೂ ಇದೆ. ತಂಡ ಗುರುತಿಸಿದ ಮಗು ಹೋಗಬೇಕಾದದ್ದು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಲ್ಲಿ ವಾಕ್-ಶ್ರವಣ ತಜ್ಞರ ಸ್ಥಾನವೂ ಯೋಜನೆಯಲ್ಲೇ ಇದೆ. ಆ ಸ್ಥಾನಗಳನ್ನು ಕಾಯಂ ಮಾಡಿ, ಸಂಬಳ ಹೆಚ್ಚಿಸಿ, ತಾಲ್ಲೂಕು ಆಸ್ಪತ್ರೆಗೆ ವಾರದಲ್ಲಿ ಎರಡು ದಿನ ಅವರು ಬರುವಂತೆ ಮಾಡಿ. ದೇವದುರ್ಗದ ತಾಯಿಯ ಬಸ್ಸಿನ ದೂರ ಅದರಿಂದಲೂ ಕಡಿಮೆಯಾಗುತ್ತದೆ.

ಶಾಲೆಯೊಳಗೆ ದಿನಕ್ಕೆ ಐದು ಗಂಟೆ ಮಗುವಿನ ಜೊತೆ ಇರುವವರು ಶಿಕ್ಷಕರು. ಕಾಗೆ-ತಾಗೆಯ ಭೇದ ಹಿಡಿಯಲು ತಜ್ಞರೇ ಬೇಕು, ಒಪ್ಪುತ್ತೇನೆ. ಉಗ್ಗುವ ಮಗುವಿಗೆ ತರಗತಿಯಲ್ಲಿ ಬೇಕಾದದ್ದು ಬಹುಪಾಲು ಶಿಕ್ಷಕರ ಕೈಯಲ್ಲೇ ಇದೆ. ವಾಕ್ಯವನ್ನು ತಾವೇ ಮುಗಿಸಿಕೊಡದೆ ಕಾಯಬೇಕು, ‘ನಿಧಾನವಾಗಿ ಹೇಳು’ ಎನ್ನದೆ ತಾವೇ ನಿಧಾನವಾಗಿ ಮಾತಾಡಬೇಕು, ಹಾಜರಿಗೆ ಇಡೀ ತರಗತಿ ಕೈ ಎತ್ತುವ ಪದ್ಧತಿ ತರಬೇಕು. ಎಲ್ಲರೊಡನೆ ಸೇರಿ ಹಾಡುವಾಗ, ಒಟ್ಟಾಗಿ ಓದುವಾಗ ಉಗ್ಗು ಬಹುತೇಕ ಮಾಯವಾಗುತ್ತದೆ. ನಲಿ-ಕಲಿ ತರಗತಿಯ ದಿನ ಹಾಡಿನಿಂದಲೇ ಆರಂಭವಾಗುವುದರಿಂದ ಅದು ಈ ಮಕ್ಕಳಿಗೆ ದೊಡ್ಡ ಆಸರೆಯಾಗಬಲ್ಲದು. ಬ್ಲಾಕಿನ ತಜ್ಞರು ಎಂಬ ಹುದ್ದೆ ಬಂದ ಮರುದಿನವೇ ‘ಅದು ಅವರ ಕೆಲಸ’ ಎಂದು ಶಿಕ್ಷಕರು ಕೈಬಿಡುವ ಅಪಾಯವಿದೆ. ತಿಂಗಳುಗಳ ನಂತರ ಬಂದ ತಜ್ಞರು ಮಗುವನ್ನು ತರಗತಿಯಿಂದ ಎಬ್ಬಿಸಿ ಕರೆದೊಯ್ಯುವಾಗ ಹಿಂತಿರುಗಿ ನೋಡುವುದು ಅದೇ ತರಗತಿ. ಡಿ.ಎಲ್.ಎಡ್. ಮತ್ತು ಬಿ.ಎಡ್. ಓದುವವರನ್ನು ಕೆಲವು ವಾರ ಇಂಥ ಮಕ್ಕಳೊಂದಿಗೆ, ತಜ್ಞರ ಎದುರಿನಲ್ಲೇ ಕೆಲಸ ಮಾಡಿಸಿದರೆ ಆ ಖರ್ಚು ಸಾವಿರಾರು ತರಗತಿಗಳಿಗೆ ಹರಡುತ್ತದೆ.

ಇಂಟರ್ನ್‌ಗಳ ವಿಚಾರದಲ್ಲಿ ನನಗೆ ನಿಜವಾದ ಆತಂಕವಿದೆ. ಮೂರು ತಿಂಗಳಿಗೊಮ್ಮೆ ಮುಖ ಬದಲಾಗುವುದನ್ನು ಆಟಿಸಂ ಇರುವ ಮಗು ಹೇಗೆ ತಾಳಿಕೊಳ್ಳಬೇಕು? ಹೊಸಬರನ್ನು ಒಪ್ಪಿಕೊಳ್ಳಲು ಅದಕ್ಕೆ ಅಷ್ಟೇ ತಿಂಗಳು ಬೇಕಾಗುತ್ತವೆ. ನೋಂದಾಯಿತ ಹಿರಿಯರ ಮೇಲ್ವಿಚಾರಣೆ ಇಲ್ಲದೆ ಕಲಿಯುವವರನ್ನು ಮಕ್ಕಳ ಮುಂದೆ ಕೂರಿಸುವುದು ಇಬ್ಬರಿಗೂ ನ್ಯಾಯವಲ್ಲ, ಬ್ಲಾಕಿನ ಒಬ್ಬರೇ ಚಿಕಿತ್ಸಕರು ಇನ್ನೂರು ಶಾಲೆಗಳ ನಡುವೆ ಯಾರನ್ನೆಂದು ನೋಡಿಕೊಂಡಾರು? ಸಿಂಧನೂರಿನ ಆ ಹುಡುಗಿಯಂಥವರು ತಮ್ಮ ತಾಲ್ಲೂಕಿಗೆ ಮರಳಲಿ, ಆಸ್ಪತ್ರೆಯ ಹಿರಿಯ ತಜ್ಞರ ಜೊತೆಗೆ ಅಂಗನವಾಡಿಗಳಿಗೆ ಹೋಗಲಿ.

ಹಣ ಇರುವುದು ಒಂದೇ ಕಡೆಗಾದರೆ ನಾನು ಅದನ್ನು ಇಲ್ಲಿಗೆ ಕೊಡುತ್ತೇನೆ: ಒಂದೂವರೆ ವರ್ಷ ದಾಟಿದ ಮಗು ದಡಾರ-ರುಬೆಲ್ಲಾದ ಎರಡನೆಯ ಚುಚ್ಚುಮದ್ದಿಗೆ ಬಂದಾಗ, ತಾಯಿ ಕಾರ್ಡು ತೆರೆದು ಕೂತ ಆಶಾ ಕಾರ್ಯಕರ್ತೆ, ಮಗು ಹೆಸರು ಕರೆದರೆ ತಿರುಗುತ್ತದೆಯೇ, ಎಷ್ಟು ಮಾತು ಆಡುತ್ತದೆ ಎಂದು ಕೇಳಬೇಕು. ಸಂಶಯ ಬಂದರೆ ಅದೇ ವಾರ ಮಗು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬೇಕು. ಬಸ್ ಚಾರ್ಜನ್ನೂ ಆ ದಿನದ ಕೂಲಿಯನ್ನೂ ಸರ್ಕಾರ ತಾಯಿಯ ಖಾತೆಗೆ ಹಾಕಬೇಕು, ಚಿಕಿತ್ಸೆ ಮುಗಿಯುವವರೆಗೂ.