ಸೆಪ್ಟಿಕ್ ಶಾಕ್: ಅಂಗ ಕೆಡಿಸುವುದು ಬರೀ ಕ್ರಿಮಿಯಲ್ಲ

"ಸೆಪ್ಟಿಕ್ ಶಾಕ್‌ನಲ್ಲಿ ಕ್ರಿಮಿಗಳು ಕಿಡ್ನಿ, ಲಿವರ್ ತಿಂದುಹಾಕುತ್ತವೆ. ಬಿಪಿ ಏರಿಸಿದರೆ ಸಾಕು" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಸರಿಯಲ್ಲ. ಸೆಪ್ಟಿಕ್ ಶಾಕ್ ಎಂದರೆ ಸೋಂಕಿನಿಂದ ಬಿಪಿ ಅಪಾಯಕರವಾಗಿ ಕುಸಿಯುವ ಸ್ಥಿತಿ.

ಶುರು ಮಾಡುವುದು ಸೋಂಕೇ. ಆದರೆ ಜಾಸ್ತಿ ಹಾನಿ ಮಾಡುವುದು ಹದ ತಪ್ಪಿದ ನಮ್ಮದೇ ದೇಹದ ಪ್ರತಿಕ್ರಿಯೆ. ಸೆಪ್ಸಿಸ್‌ಗೆ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ; ಇದರ ಗಂಭೀರ ರೂಪವೇ ಸೆಪ್ಟಿಕ್ ಶಾಕ್) 2016ರಲ್ಲಿ ಕೊಟ್ಟ ಹೊಸ ವ್ಯಾಖ್ಯೆಯೂ ಇದನ್ನೇ ಹೇಳುತ್ತದೆ. ರಕ್ತನಾಳಗಳ ಒಳಪದರಕ್ಕೆ ಉರಿಯೂತ ತಗುಲಿ ಅದು ಸೋರತೊಡಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಬಹುದು. ನಾಳಗಳು ಸಡಿಲವಾಗಿ ಬಿಪಿ ಕುಸಿಯುತ್ತದೆ. ಕೂದಲಿಗಿಂತ ಸಪೂರವಾದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗಿ ಮಾನಿಟರ್‌ನಲ್ಲಿ ಬಿಪಿ ಸರಿ ಕಂಡರೂ ಕಿಡ್ನಿಗೆ ಆಮ್ಲಜನಕ ಸಾಲದೇ ಹೋಗಬಹುದು. ವೈದ್ಯರು ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಅಂಶ), ಮೂತ್ರದ ಪ್ರಮಾಣ ಮತ್ತೆ ಮತ್ತೆ ನೋಡುವುದು ಸುಮ್ನೆ ಅಲ್ಲ.

ಹಾಗಂತ ಆಂಟಿಬಯಾಟಿಕ್ ಬೇಡ ಎಂದಲ್ಲ. ಶಾಕ್ ಇದ್ದರೆ ಅದನ್ನು ಒಂದು ಗಂಟೆಯೊಳಗೆ ಕೊಡಬೇಕು.