ಮುಷ್ಟಿ ಹುಡುಗನದು, ಪಹಣಿ ಸರ್ಕಾರದ ಹೆಸರಲ್ಲಿ

ಕ್ಯೂಬಾದಷ್ಟು ಧಾರಾಳಿ ದೇಶ ಇನ್ನೊಂದಿಲ್ಲ. ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. 92 ಕೆ.ಜಿ. ಬಾಕ್ಸಿಂಗ್‌ನಲ್ಲಿ ಬೆಳ್ಳಿ ಗೆದ್ದ ಲೋರೆನ್ ಅಲ್ಫೊನ್ಸೊ ಹುಟ್ಟಿದ್ದು ಅಲ್ಲಿ, ಪದಕ ಅಜರ್‌ಬೈಜಾನ್‌ಗೆ. ಕಂಚಿನ ರೆಯೆಸ್ ಪ್ಲಾ ಹುಟ್ಟಿದ್ದೂ ಅಲ್ಲೇ, ಪದಕ ಸ್ಪೇನ್‌ಗೆ. ಕ್ಯೂಬಾದ ಅಸಲಿ ನಾಯಕ ಲಾ ಕ್ರೂಸ್ ಮೊದಲ ಪಂದ್ಯದಲ್ಲೇ ಈ ಅಲ್ಫೊನ್ಸೊ ಕೈಲಿ ಸೋತು ಗಂಟುಮೂಟೆ ಕಟ್ಟಿದ. ಟೋಕಿಯೊದಲ್ಲಿ ರೆಯೆಸ್‌ನನ್ನು ಸೋಲಿಸಿ ‘ತಾಯ್ನಾಡು ಇಲ್ಲವೇ ಸಾವು’ ಎಂದು ಗಂಟಲು ಹರಿದುಕೊಂಡಿದ್ದವನು ಇದೇ ಲಾ ಕ್ರೂಸ್! ಟ್ರಿಪಲ್ ಜಂಪ್ ಅಂತೂ ಇನ್ನೂ ಸೊಗಸು. ಚಿನ್ನ, ಬೆಳ್ಳಿ, ಕಂಚು ಮೂರೂ ಕ್ಯೂಬಾದಲ್ಲಿ ಹುಟ್ಟಿದವರಿಗೇ. ಬಾವುಟ ಮಾತ್ರ ಸ್ಪೇನ್, ಪೋರ್ಚುಗಲ್, ಇಟಲಿಯವು.

1992ರ ಬಾರ್ಸಿಲೋನಾದಲ್ಲಿ ಹನ್ನೆರಡು ತೂಕ ವಿಭಾಗಗಳಲ್ಲಿ ಏಳು ಚಿನ್ನ ಬಾಚಿದ ದೇಶವಿದು. ಅಲ್ಲಿ ಗೆದ್ದ ಹುಡುಗ ಹೋಯೆಲ್ ಕಾಸಮಾಯೋರ್‌ಗೆ ಸಿಕ್ಕ ಬಹುಮಾನ ಒಂದು ಸೈಕಲ್. ನಗಬೇಡಿ. ಸೋವಿಯತ್ ಒಕ್ಕೂಟ ಮುಳುಗಿ, ಪೆಟ್ರೋಲ್ ಒಣಗಿ, ಚೀನಾದಿಂದ ಲಕ್ಷಗಟ್ಟಲೆ ಸೈಕಲ್ ತರಿಸಿಕೊಂಡು ಹವಾನಾ ಪೆಡಲ್ ತುಳಿಯುತ್ತಿದ್ದ ಕಾಲ ಅದು. ಬೆಲ್ ಇತ್ತೋ, ಹಿಂದೆ ಕ್ಯಾರಿಯರ್ ಇತ್ತೋ, ಸ್ಟ್ಯಾಂಡಿಗೆ ಬೇರೆ ಅರ್ಜಿ ಹಾಕಬೇಕಿತ್ತೋ ಎಂಬ ಚಿಂತೆಯಲ್ಲೇ ನನಗೆ ಅರ್ಧ ದಿನ ಹೋಯಿತು. ಅವನು ಹೆಚ್ಚು ಯೋಚಿಸಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆಯೇ ಅಮೆರಿಕದ ಪಾಲಾದ.

ಕ್ಯೂಬಾದ ಇನ್ನೊಬ್ಬ ಬಾಕ್ಸರ್ ರೊಬೆಯ್ಸಿ ರಮೀರೆಸ್‌ನನ್ನು ನೋಡಿ. ಹದಿನೆಂಟಕ್ಕೇ ಲಂಡನ್‌ನಲ್ಲಿ ಚಿನ್ನ. ರಿಯೊದಲ್ಲಿ ಮತ್ತೊಂದು. ಅಲ್ಲಿ ಫೈನಲ್‌ನಲ್ಲಿ ಸೋತು ಗೊಳೋ ಎಂದು ಅತ್ತ ಅಮೆರಿಕದ ಶಕುರ್ ಸ್ಟೀವನ್ಸನ್ ಮುಂದೆ ವೃತ್ತಿಪರನಾಗಿ ವಿಶ್ವ ಚಾಂಪಿಯನ್ ಆದ, ದುಡ್ಡು ಎಣಿಸಿದ. ಗೆದ್ದವನು ತೆಪ್ಪಗೆ, ದುಡ್ಡಿಗೆ ಆಡದ ‘ಅಮೆಚೂರ್’ ಆಗಿ ಮನೆಗೆ ವಾಪಸ್. 2018ರಲ್ಲಿ ಅವನೂ ಮೆಕ್ಸಿಕೊದಲ್ಲಿ ತಂಡ ಬಿಟ್ಟು ಜಾಗ ಖಾಲಿ ಮಾಡಿದ.

ನಮ್ಮ ಬಾಕ್ಸರ್‌ಗಳಿಗೆ ಪಾಠ ಹೇಳಿದ ಕ್ಯೂಬಾದ ಫರ್ನಾಂಡಿಸ್‌ಗೆ 2012ರಲ್ಲಿ ನಾವು ದ್ರೋಣಾಚಾರ್ಯ ಪ್ರಶಸ್ತಿ ಕೊಟ್ಟೆವು. ನಮ್ಮ ದ್ರೋಣರು ಪಾಪ, ಏಕಲವ್ಯನ ಹತ್ತಿರ ಹೆಬ್ಬೆರಳೊಂದನ್ನೇ ಕೇಳಿದ್ದು. ಹವಾನಾ ಸರ್ಕಾರಕ್ಕೆ ಇಡೀ ಮುಷ್ಟಿಯೇ ಬೇಕು, ಎರಡೂ ಕೈಯದು.

2007ರಲ್ಲಿ ಕ್ಯೂಬಾದ ಬಾಕ್ಸರ್ ರಿಗೊಂಡೊ, ರಿಯೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ತಂಡ ಬಿಟ್ಟು ಸಿಕ್ಕಿಬಿದ್ದಾಗ ಫಿಡೆಲ್ ಕ್ಯಾಸ್ಟ್ರೊ ಬರೆದರು: ತಂಡ ಬಿಡುವ ಕ್ರೀಡಾಪಟು ಯುದ್ಧದ ನಡುವೆ ಸಂಗಾತಿಗಳನ್ನು ಬಿಟ್ಟೋಡುವ ಸೈನಿಕನಿದ್ದಂತೆ. ಎರಡು ಒಲಿಂಪಿಕ್ ಚಿನ್ನ ತಂದವನಿಗೆ ರಾಷ್ಟ್ರೀಯ ತಂಡದ ಬಾಗಿಲು ಬಂದ್. ವೃತ್ತಿಪರ ಬಾಕ್ಸಿಂಗ್ ಶೋಷಣೆ, 1962ರಿಂದಲೇ ನಿಷಿದ್ಧ. ಸರಿ, ಒಪ್ಪಿದೆವು. 2022ರಲ್ಲಿ ಅದೇ ಶೋಷಣೆಗೆ ಕ್ಯೂಬಾದ ಬಾಕ್ಸಿಂಗ್ ಫೆಡರೇಶನ್ ತಾನೇ ಮೆಕ್ಸಿಕೊದ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಹುಡುಗರನ್ನು ರಿಂಗಿಗೆ ಇಳಿಸಿತು. ಅಂದರೆ ಹುಡುಗ ತಾನೇ ಸಹಿ ಹಾಕಿದರೆ ದೇಶದ್ರೋಹ, ಸಾಹೇಬರು ಹಾಕಿದರೆ ಕ್ರೀಡಾನೀತಿ.

ಇದರಲ್ಲಿ ನಗುವಂಥದ್ದು ಏನೂ ಉಳಿದಿಲ್ಲ ಬಿಡಿ. ಓಡಿಹೋದವರಿಗೆ ಎಂಟು ವರ್ಷ ಊರಿಗೆ ಕಾಲಿಡಲು ಬಿಡದೆ, ಅಮ್ಮ ಸತ್ತರೂ ಫೋನಿನಲ್ಲೇ ಅಳು ಎಂದ ವ್ಯವಸ್ಥೆಯಿದು. ಈಗ ನಿಯಮ ಬದಲಾಯಿತಂತೆ. ಕ್ಯೂಬಾದ ಬಾಕ್ಸರ್ ತೆಯೋಫಿಲೊ ಸ್ಟೀವನ್ಸನ್ ಮೂರು ಒಲಿಂಪಿಕ್ ಚಿನ್ನ ಗೆದ್ದು, ವೃತ್ತಿಪರನಾಗಲು ಸಿಗುತ್ತಿದ್ದ ಮಿಲಿಯನ್‌ಗಟ್ಟಲೆ ಡಾಲರ್ ಬೇಡವೆಂದು, 2012ರಲ್ಲೇ ತೀರಿಕೊಂಡ. ಅವನ ಬಾಕಿ ಯಾರ ಲೆಕ್ಕದಲ್ಲಿ ಬರೆಯುತ್ತೀರಿ ಸ್ವಾಮೀ?