ಆಟಗಾರನನ್ನು ಕೈಬಿಟ್ಟರೂ ವೇತನ ಮಿತಿಯ ಹೊರೆ ಉಳಿಯುತ್ತದೆ

‘ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ತಂಡ ಆಟಗಾರನನ್ನು ಕೈಬಿಟ್ಟರೆ ವೇತನ ಮಿತಿಯಲ್ಲಿ (ಆಟಗಾರರಿಗಾಗಿ ತಂಡ ವರ್ಷಕ್ಕೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ) ಅವನ ಹೊರೆ ಅಂದೇ ಇಳಿಯುತ್ತದೆ, ಆಡಳಿತದ ತಪ್ಪು ಒಂದು ವರ್ಷದ್ದಷ್ಟೇ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದ ಪ್ರಕಾರ, ಸಹಿ ಬೋನಸ್ (ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಕೊಡುವ ಮೊತ್ತ) ವೇತನ ಮಿತಿಯ ಲೆಕ್ಕದಲ್ಲಿ ಗರಿಷ್ಠ 5 ವರ್ಷಗಳಿಗೆ ಹಂಚಿಕೆಯಾಗುತ್ತದೆ. ಐದು ವರ್ಷಕ್ಕೆ 2.5 ಕೋಟಿ ಡಾಲರ್ ಬೋನಸ್ ಎಂದರೆ ವರ್ಷಕ್ಕೆ 50 ಲಕ್ಷ. ಎರಡು ವರ್ಷದ ಬಳಿಕ ಕೈಬಿಟ್ಟರೆ, ಉಳಿದ 1.5 ಕೋಟಿ ಒಮ್ಮೆಲೇ ವೇತನ ಮಿತಿಗೆ ಬೀಳುತ್ತದೆ. ಜೂನ್ 1ರ ನಂತರವಾದರೆ ಆ ವರ್ಷ 50 ಲಕ್ಷ, ಮುಂದಿನ ವರ್ಷ 1 ಕೋಟಿ.

2024ರಲ್ಲಿ ಆಟಗಾರ ರಸೆಲ್ ವಿಲ್ಸನ್ ಅವರನ್ನು ಕೈಬಿಟ್ಟ ಡೆನ್ವರ್ ಬ್ರಾಂಕೋಸ್ ತಂಡ ಎರಡು ವರ್ಷಗಳಲ್ಲಿ ಹೊತ್ತದ್ದು ಸುಮಾರು 8.5 ಕೋಟಿ ಡಾಲರ್ ಹೊರೆ. ಆದರೂ ಆ ವರ್ಷ ಪ್ಲೇಆಫ್ ತಲುಪಿತು. ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ ಪ್ರಕ್ರಿಯೆ) ಬಂದ ಆಟಗಾರ ಬೋ ನಿಕ್ಸ್ ಅವರ ಕಡಿಮೆ ವೇತನದ ಒಪ್ಪಂದ ನೆರವಾಯಿತು.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ.